ಸುಟ್ಟ ಹಲಗೆಯ ಬರೆಯುವ ಮೇಜು

ಗೋಡೆಗೆ ಹೊದಿಸುವ ಹಲಗೆಯ ಮುಖವನ್ನು ಸುಟ್ಟು ಮಳೆಗೆ ಬಾಳುವಂತೆ ಮಾಡುವ ‘ಯಾಕಿಸುಗಿ’ ಪದ್ಧತಿ ಜಪಾನಿನದು. ಮೇಜಿಗಾದರೆ ಮಸಿ ಕೈಗೆ ಹತ್ತೀತು. ಮೇಲೆ ಎಪಾಕ್ಸಿ ರಾಳ ಬೇಕು. ನಮ್ಮ ನೆರಳಿನ ಸಿಲ್ವರ್ ಓಕ್ ಸಾಕು. ಆದರೆ ಹಲಗೆಯನ್ನು ಮಾಡಿನಡಿ ತಿಂಗಳುಗಟ್ಟಲೆ ಒಣಗಿಸಿ, ತೇವ ಶೇಕಡಾ 12ಕ್ಕೆ ಇಳಿಯಲಿ. (ಕಾಫಿ ಬೀಜದ ತೇವಮಾಪಕ ಇದಕ್ಕೆ ಆಗದು.)

ಅಡಿಕೆ ಸಿಪ್ಪೆ, ತರಗೆಲೆಗಳಿಂದ ದೂರದಲ್ಲಿ, ನೀರು ಪಕ್ಕದಲ್ಲಿಟ್ಟುಕೊಂಡು, ಗ್ಯಾಸ್ ಟಾರ್ಚಿನಿಂದ ತೆಳುವಾಗಿ ಸುಡಿ. ಹಲಗೆ ಪೂರ್ತಿ ಆರಿದ ಮೇಲೆ ಉದುರುವ ಮಸಿಯನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಇಲ್ಲಿ ಸೋಮಾರಿತನ ಸಲ್ಲದು: ರಾಳ ಮಸಿಗೆ ಅಂಟಿದರೆ ಮರಕ್ಕೆ ಅಂಟಿದಂತಾಗಲಿಲ್ಲ, ಹಾಳೆಯಂತೆ ಎದ್ದು ಬಂದು ಹಣವೂ ಮರವೂ ವ್ಯರ್ಥ.

ಗಟ್ಟಿಕಾರಕವನ್ನು ಡಬ್ಬಿಯಲ್ಲಿ ಹೇಳಿದಷ್ಟೇ ಬೆರೆಸಿ. ಹೆಚ್ಚಾದರೂ ರಾಳ ಸರಿಯಾಗಿ ಗಟ್ಟಿಯಾಗದು. ಮೊದಲು ತೆಳು ಪದರ. ಒಮ್ಮೆಗೇ ದಪ್ಪಗೆ ಸುರಿದರೆ ತಾನೇ ಕಾದು ಬಿರಿಯಬಹುದು. ಕೈಗವಸು ಕಡ್ಡಾಯ. ಮಳೆಗಾಲದ ತೇವಕ್ಕೆ ಮೇಲ್ಮೈ ಜಿಡ್ಡಾಗುವುದರಿಂದ ಕೊಯ್ಲು ಮುಗಿದ ಮಾರ್ಚ್ ತಿಂಗಳು ಅನುಕೂಲ.