ಗ್ಲಾನಸೇವೆ ಮತ್ತು ಸೇವಕನ ಶರೀರ

ಅಭ್ಯಂತರ ತಪಸ್ಸುಗಳು ಆರು. ಅವುಗಳಲ್ಲಿ ವೈಯಾವೃತ್ಯವು ಮೂರನೆಯದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅದನ್ನು ಸ್ವಾಧ್ಯಾಯಕ್ಕೂ ಮೊದಲು ಇರಿಸಿರುವುದನ್ನು ಸುಜ್ಞ ವಾಚಕರು ಗಮನಿಸಿರಬಹುದು. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ 'ಗ್ಲಾನ', ಎಂದರೆ ರೋಗದಿಂದ ಬಳಲಿದವನೂ ಒಬ್ಬ. ಅಲ್ಲಿ ಉದ್ದೇಶಿತರು ಮುನಿಗಳು; ಗೃಹಸ್ಥ ರೋಗಿಯ ಶುಶ್ರೂಷೆಯನ್ನು ಕರುಣಾದಾನವೆಂದು ಕರೆಯುವುದು ಶಾಸ್ತ್ರಕ್ಕೆ ಹೆಚ್ಚು ಸಮೀಪ. ಆದರೂ ರೋಗಿಯ ಬಳಿ ನಿಲ್ಲುವ ಕ್ರಮವನ್ನು ಮುನಿಸಂಘದಿಂದಲೇ ಕಲಿಯಬೇಕಾಗಿದೆ.

ಈ ವಿಷಯವನ್ನು ಈಗ ಎತ್ತಲು ಒಂದು ಕಾರಣವುಂಟು. ಹುಕ್ಕೇರಿಯಲ್ಲಿ ನನ್ನಲ್ಲಿ ಓದಿದ ಒಬ್ಬ ಶಿಷ್ಯನ ಮಗಳು, ಮೂಡಲಗಿಯ ಮನೆತನದವಳು, ಈಗ ನರ್ಸ್ ಆಗಿದ್ದಾಳೆ. ಹತ್ತೊಂಬತ್ತನೆಯ ವಯಸ್ಸಿನಿಂದ ಆಕೆಗೆ ಮಧುಮೇಹ. ದಿನವೂ ಇನ್ಸುಲಿನ್ ಬೇಕು. ತನ್ನ ಅಜ್ಜಿಯ ಕೊನೆಯ ಆರು ವಾರ ಮನೆಯಲ್ಲಿದ್ದು ಆರೈಕೆ ಮಾಡಿದ ಮೇಲೆ, ಗುಣವಾಗದ ರೋಗಿಗಳನ್ನು ಕಡೆಯವರೆಗೆ ನೋಡಿಕೊಳ್ಳುವ ಹಾಸ್ಪೈಸ್ ಸೇವೆಗೆ ಹೋಗಬೇಕೆಂಬ ಬಯಕೆ ಅವಳಲ್ಲಿ ಮೂಡಿತು. ಗೋಕಾಕದ ನಮ್ಮ ಮನೆಗೆ ಬಂದು, "ಅಜ್ಜಾ, ನನ್ನ ಕೈಲೆ ಆಗ್ತದೋ ಇಲ್ಲೋ, ಖರೆ ಹೇಳ್ರಿ" ಎಂದಳು. ನಾನು ಒಡನೆಯೇ "ಬೇಡವ್ವಾ" ಎಂದುಬಿಟ್ಟೆ. ಅದು ಅವಸರದ ಉತ್ತರವಾಗಿತ್ತು.

ಅಂದು ರಾತ್ರಿ ಶಿವಾರ್ಯರ ಭಗವತೀ ಆರಾಧನೆಯನ್ನು ತೆರೆದೆನು. ಸಲ್ಲೇಖನಾಸ್ಥಿತನಾದ ಕ್ಷಪಕನಿಗೆ ನಲವತ್ತೆಂಟು ನಿರ್ಯಾಪಕರನ್ನು ಆ ಗ್ರಂಥವು ವಿಧಿಸುತ್ತದೆ. ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಮಲಮೂತ್ರ ಶುದ್ಧಿ ಮಾಡುವವರು, ಇರುಳು ಎಚ್ಚರವಿರುವವರು, ಬಾಗಿಲು ಕಾಯುವವರು, ಹೀಗೆ ನಾಲ್ಕು ನಾಲ್ಕು ಜನರಿಗೆ ಒಂದೊಂದು ಕೆಲಸ. ಕಾಲ ಕೆಟ್ಟಂತೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಎರಡಕ್ಕಿಂತ ಕಡಿಮೆ ಕೂಡದು. ಏಕೆಂದರೆ ಒಬ್ಬನೇ ಇದ್ದರೆ, ಅವನು ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುವನು. ಹೋಗದಿದ್ದರೆ ಸೇವಕನೇ ಕುಸಿಯುವನು. ಒಬ್ಬನೇ ನಿಂತವನು ಕ್ಷಪಕನನ್ನಷ್ಟೇ ಅಲ್ಲ, ತನ್ನನ್ನೂ ಕೈಬಿಟ್ಟಂತೆ ಎಂಬುದು ಆಚಾರ್ಯರ ಅಭಿಪ್ರಾಯ. ಸೇವಕನ ಊಟ, ನಿದ್ರೆಗಳು ಸೇವೆಗೆ ಅಡ್ಡಿಯಲ್ಲ, ಸೇವೆಯ ಅಂಗವೇ ಎಂಬುದು ನನಗೆ ಆಗ ಹೊಳೆಯಿತು. ಅವಳಿಗೆ ನಾನು ಕೇಳಬೇಕಾಗಿದ್ದ ಪ್ರಶ್ನೆ, ನಿನಗೆ ರೋಗವಿದೆಯೇ ಎಂಬುದಲ್ಲ. ನಿನ್ನ ಜೊತೆಗೆ ಎಷ್ಟು ಜನರಿರುತ್ತಾರೆ ಎಂಬುದು.

ಆಧುನಿಕ ಹಾಸ್ಪೈಸ್ ಪದ್ಧತಿಗೆ ಅಡಿಪಾಯ ಹಾಕಿದ ಸಿಸಿಲಿ ಸಾಂಡರ್ಸ್ ಅವರ ಚರಿತ್ರೆಯೂ ಇಲ್ಲಿ ಸ್ಮರಣೀಯ. ಲಂಡನ್ನಿನಲ್ಲಿ ನರ್ಸ್ ತರಬೇತಿ ಪಡೆದ ಆಕೆ ಬೆನ್ನಿನ ಬಾಧೆಯಿಂದ ಆ ವೃತ್ತಿಯನ್ನೇ ಬಿಡಬೇಕಾಯಿತು. ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿದು, ಮತ್ತೆ ಓದಿ 1957ರಲ್ಲಿ ವೈದ್ಯೆಯಾಗಿ, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ಶರೀರವು ಒಂದು ಬಾಗಿಲನ್ನು ಮುಚ್ಚಿದಾಗ ಅವರು ಅದೇ ಮನೆಗೆ ಬೇರೆ ಬಾಗಿಲಿನಿಂದ ಬಂದರು. ನಮ್ಮ ನಾಡಿನಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ 'ಕರುಣಾಶ್ರಯ'ವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅಂಥಲ್ಲಿ ನರ್ಸಿನ ಕೆಲಸವೆಂದರೆ ಹೊತ್ತುಹೊತ್ತಿಗೆ ನೋವಿನ ಔಷಧ ಕೊಡುವುದು, ದುರ್ಗಂಧದ ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಮನೆಯವರ ಅಳಲನ್ನು ಕೇಳುವುದು. ವಾಂತಿ ಮಾಡಿದ ಮುನಿಯನ್ನು ಅಸಹ್ಯಪಡದೆ ಉಪಚರಿಸಿದ ಉದ್ದಾಯನ ರಾಜನ ಕಥೆಯನ್ನು ನಿರ್ವಿಚಿಕಿತ್ಸೆಗೆ ದೃಷ್ಟಾಂತವಾಗಿ ಮಕ್ಕಳಿಗೆ ಹೇಳುತ್ತೇವೆ. ಅದು ಅಲ್ಲಿ ಪ್ರತಿದಿನದ ಕೆಲಸ.

ಇನ್ನು ವ್ರತದ ವಿಚಾರ. ಅವಳ ನಿಜವಾದ ತೊಡಕು ಇಲ್ಲಿಯೇ ಇತ್ತು. ಹೋದ ಭಾದ್ರಪದದಲ್ಲಿ ಅನಂತ ಚತುರ್ದಶಿಯ ಉಪವಾಸವನ್ನು ವೈದ್ಯರಿಗೆ ತಿಳಿಸದೆ ಹಿಡಿದು, ರಾತ್ರಿ ಪಾಳಿಯಲ್ಲಿ ತಲೆಸುತ್ತಿ ಬಿದ್ದಿದ್ದಳು. ಬಿದ್ದವಳು ಅವಳೊಬ್ಬಳೇ, ನಿಜ; ಆದರೆ ಆ ಹೊತ್ತಿನಲ್ಲಿ ಅವಳನ್ನು ನಂಬಿ ಮಲಗಿದ್ದ ರೋಗಿಗಳೂ ಇದ್ದರಲ್ಲವೇ? ಇನ್ಸುಲಿನ್ ಪಡೆಯುವವರ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. (ಜೇನು ನೆಕ್ಕಿಸಿರೆಂದು ಹೇಳುವವರುಂಟು, ನಮಗೆ ಅದರ ಅಗತ್ಯವಿಲ್ಲ, ಸಕ್ಕರೆಯೇ ಸಾಕು.) ಇದು ಸೂರ್ಯಾಸ್ತವನ್ನು ನೋಡಿ ಬರುವ ಆಪತ್ತಲ್ಲ.

ಆದುದರಿಂದ ಇಂಥವರು ರಾತ್ರಿಭೋಜನ ತ್ಯಾಗವನ್ನು ಸ್ವೀಕರಿಸುವಾಗಲೇ ನೀರು, ಔಷಧ ಹಾಗೂ ಆಪತ್ತಿನ ಸಕ್ಕರೆಯನ್ನು ಹೊರತುಪಡಿಸಿ ದೇವಗುರುಗಳ ಮುಂದೆ ಸ್ಪಷ್ಟವಾಗಿ ನುಡಿದು ಹಿಡಿಯಬೇಕು. ಸಮಂತಭದ್ರಾಚಾರ್ಯರು ಯಾವಜ್ಜೀವದ ಯಮವನ್ನೂ ಕಾಲಪರಿಮಿತಿಯುಳ್ಳ ನಿಯಮವನ್ನೂ ಬೇರೆಬೇರೆಯಾಗಿ ಹೇಳಿರುವರು. ಪಾಳಿಯ ಕೆಲಸದವರಿಗೆ ನಿಯಮವೇ ಯೋಗ್ಯ. ಅನಶನವು ಸಾಧ್ಯವಿಲ್ಲದವರು ರಸಪರಿತ್ಯಾಗ ಮಾಡಲಿ; ಅದೂ ಬಾಹ್ಯ ತಪಸ್ಸೇ. ಷೋಡಶ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳಿಗೆ 'ಶಕ್ತಿತಃ' ಎಂಬ ವಿಶೇಷಣವಿದೆ. ನಮ್ಮ ಮನೆಗಳಲ್ಲಿ, ವಿಶೇಷವಾಗಿ ಸೊಸೆಯಂದಿರ ಉಪವಾಸಗಳನ್ನು ಎಣಿಸುವಾಗ, ಈ ಶಬ್ದವನ್ನು ಹಾರಿಸಿ ಓದುವ ರೂಢಿ ಬಂದಿರುವುದು ಖೇದಕರ.

ಮರುವಾರ ಅವಳು ಬಂದಾಗ ಇದನ್ನೆಲ್ಲ ಹೇಳಿದೆನು. ವೈದ್ಯರ ಒಪ್ಪಿಗೆ ಪಡೆಯುವುದು, ಹಾಸ್ಪೈಸಿನಲ್ಲಿ ಒಂದು ಪಾಳಿಗೆ ಎಷ್ಟು ನರ್ಸ್‌ಗಳೆಂದೂ, ಪಾಳಿಯ ನಡುವೆ ಉಣ್ಣಲು ಬಿಡುವುಂಟೇ ಎಂದೂ ವಿಚಾರಿಸುವುದು, ಈಗಿನ ನೌಕರಿಯನ್ನು ಬಿಡದೆ ರಜೆ ಹಾಕಿ ಒಂದು ತಿಂಗಳು ಇದ್ದು ನೋಡುವುದು, ಇಷ್ಟು ನಿಶ್ಚಯವಾಯಿತು. "ರೋಗ ಐತಿ ಅಂತ ಮೊದಲs ಹೇಳಲ್ಯಾ ಅಜ್ಜಾ?" ಎಂದಳು. ಮೊದಲೇ ಹೇಳು, ಸಕ್ಕರೆಯ ಪೊಟ್ಟಣ ಯಾವ ಜೇಬಿನಲ್ಲಿದೆ ಎಂಬುದನ್ನೂ ಜೊತೆಯವರಿಗೆ ತೋರಿಸಿಡು ಎಂದೆ. ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿದ ಮೇಲೆ ಅವಳು ಬೆಂಗಳೂರಿಗೆ ಹೊರಡುವವಳಿದ್ದಾಳೆ.