ತಂತಿ ಕೂಡುವೆಡೆಯಲ್ಲಿ ರೇಡಿಯೊ ಅಲೆ

ಕಡಲಿಗಿಳಿಯುವ ಮೀನುದೋಣಿಗಳ ಮೇಲೆ ನೆಟ್ಟಗೆ ನಿಂತ ಆಂಟೆನಾವನ್ನು ವಾಚಕರು ಕಂಡಿರಬಹುದು. ಅಪಾಯಕ್ಕೆ ಸಿಲುಕಿದ ದೋಣಿಯವರು 156.8 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ನೆರವನ್ನು ಕೋರುವುದು ಇದರ ಮೂಲಕವೇ. ರೇಡಿಯೊ ಪೆಟ್ಟಿಗೆ ಸರಿಯಾಗಿದೆ, ಬ್ಯಾಟರಿ ತುಂಬಿದೆ, ಆಂಟೆನಾ ಮುರಿದಿಲ್ಲ. ಆದರೂ ಕೂಗು ದಡವನ್ನು ಮುಟ್ಟದೆ ಹೋಗಬಹುದು. ಆಗ ನೋಡಬೇಕಾದುದು ನಡುವಣ ಕೇಬಲ್ಲನ್ನು, ಅದರಲ್ಲಿಯೂ ಅದರ ತುದಿಯ ಕನೆಕ್ಟರನ್ನು.

ದೀಪದ ತಂತಿಗಳನ್ನು ಕೂಡಿಸುವಾಗ ಲೋಹಕ್ಕೆ ಲೋಹ ಭದ್ರವಾಗಿ ತಾಗಿದರೆ ಸಾಕು. ರೇಡಿಯೊ ಅಲೆಗೆ ಅಷ್ಟೇ ಸಾಲದು. ಏಕೆ? ಈ ಕೇಬಲ್ಲಿನ ನಟ್ಟನಡುವೆ ಒಂದು ತಾಮ್ರದ ತಂತಿ. ಅದರ ಸುತ್ತ ಪಾಲಿಥೀನ್. ಅದರ ಮೇಲೆ ತಾಮ್ರದೆಳೆಗಳ ಹೆಣಿಗೆ. ಅಲೆಯ ಶಕ್ತಿ ಸಾಗುವುದು ತಾಮ್ರದ ಒಡಲಿನಲ್ಲಲ್ಲ, ತಂತಿಗೂ ಹೆಣಿಗೆಗೂ ನಡುವಿರುವ ಪಾಲಿಥೀನಿನಲ್ಲಿ! ಇಂತಹ ರಚನೆಗೆ ಆಲಿವರ್ ಹೆವಿಸೈಡನು 1880ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದನು.

ಸಾಗುವ ಅಲೆಯ ವೋಲ್ಟೇಜಿಗೂ ಕರೆಂಟಿಗೂ ಇರುವ ಪ್ರಮಾಣವನ್ನು ಇಂಪೀಡೆನ್ಸ್ ಎನ್ನುತ್ತಾರೆ. ತಂತಿ ಮತ್ತು ಹೆಣಿಗೆಗಳ ವ್ಯಾಸಗಳೂ ನಡುವಣ ವಸ್ತುವಿನ ಗುಣವೂ ಸೇರಿ ಇದನ್ನು ಗೊತ್ತುಪಡಿಸುತ್ತವೆ. ದೋಣಿಯ ಕೇಬಲ್ಲಿನಲ್ಲಿ ಇದು 50 ಓಮ್. ಟೆಲಿವಿಷನ್ ಕೇಬಲ್ಲಿನಲ್ಲಿ 75. ಎರಡನ್ನು ಒಂದಕ್ಕೊಂದು ಕೂಡಿಸಿದರೆ ವೋಲ್ಟೇಜಿನ ಐದನೆಯ ಒಂದು ಪಾಲು ಸಂಧಿಯಲ್ಲಿ ಹಿಂದಿರುಗುತ್ತದೆ. ಶಕ್ತಿಯಲ್ಲಿ ಇದು ನೂರಕ್ಕೆ 4 ಮಾತ್ರ. ಇದರಿಂದ ಯಾರೂ ಮುಳುಗುವುದಿಲ್ಲವೆನ್ನಿ. ಆದರೆ ತಂತಿ ಕಡಿದುಹೋಗಿದ್ದರೆ ಅಲೆಯೆಲ್ಲವೂ ಹಿಂದಿರುಗಿ, ಪ್ರೇಷಕದ ಟ್ರಾನ್ಸಿಸ್ಟರನ್ನೇ ಕೆಡಿಸಬಹುದು.

ಆದುದರಿಂದ ಕನೆಕ್ಟರು ಕೇಬಲ್ಲಿನ ಈ ಅಳತೆಯನ್ನು ತನ್ನೊಳಗೂ ಕಾಪಾಡಬೇಕು. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ರೂಪಿಸಿದ ‘ಎನ್’ ಕನೆಕ್ಟರಿನಲ್ಲಿ ಈ ಏರ್ಪಾಡಿದೆ. ನೀರನ್ನು ತಡೆಯುವ ರಬ್ಬರ್ ಬಳೆಯೂ ಇದೆ. ದೋಣಿಗಳಲ್ಲಿ ಸಾಮಾನ್ಯವಾದ, 1930ರ ದಶಕದ ‘ಯು.ಎಚ್.ಎಫ್.’ ಕನೆಕ್ಟರಿನಲ್ಲಿ ಇವೆರಡೂ ಇಲ್ಲ. ಪಾಲಿಥೀನಿನಲ್ಲಿ ಈ ಅಲೆಯ ಉದ್ದ ಸುಮಾರು 1.26 ಮೀಟರ್, ಕನೆಕ್ಟರು ಕೆಲವೇ ಸೆಂಟಿಮೀಟರ್. ಹೀಗಾಗಿ ಅಳತೆ ತಪ್ಪಿದುದರಿಂದ ಇಲ್ಲಿ ಹೆಚ್ಚು ಕೇಡಿಲ್ಲ. ನಿಜವಾದ ಶತ್ರು ಉಪ್ಪುನೀರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಹೆಣಿಗೆಯ ಎಳೆಗಳ ನಡುವೆ ಹರಿದು, ಬಹುದೂರ ತಾಮ್ರವನ್ನು ಕಪ್ಪಾಗಿಸುತ್ತದೆ. ಅಲೆಯ ಶಕ್ತಿ ಅಲ್ಲಿ ಶಾಖವಾಗಿ ನಷ್ಟವಾಗುತ್ತದೆ.

ಇದರಲ್ಲೊಂದು ಮೋಸವಿದೆ. ಹಿಂದಿರುಗುವ ಶಕ್ತಿಯನ್ನು ತೋರಿಸುವ ಮೀಟರನ್ನು ರೇಡಿಯೊದ ಬಳಿ ಇಟ್ಟು ನೋಡುವುದು ವಾಡಿಕೆ. ಕೇಬಲ್ಲೇ ಅರ್ಧ ಶಕ್ತಿಯನ್ನು ನುಂಗುತ್ತಿದೆಯೆಂದು ಭಾವಿಸೋಣ. ಆಂಟೆನಾ ಕಳಚಿಬಿದ್ದಿದ್ದರೂ, ಹಿಂದಿರುಗುವಾಗ ಉಳಿದುದರಲ್ಲಿ ಮತ್ತೆ ಅರ್ಧ ಇಂಗಿ, ಮೀಟರಿಗೆ ಕಾಣುವುದು ಕಾಲು ಭಾಗ ಮಾತ್ರ. ಕೇಬಲ್ ಕೆಟ್ಟಷ್ಟೂ ಮೀಟರು ಎಲ್ಲವೂ ಸರಿಯೆಂದು ಹೇಳುತ್ತದೆ! ಆದುದರಿಂದ ಆಂಟೆನಾದ ತುದಿಯಲ್ಲಿಯೂ ಶಕ್ತಿಯನ್ನು ಅಳೆದು ನೋಡಬೇಕು.

ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಲೋಹ ಕಾಣುವವರೆಗೆ ಕೇಬಲ್ಲನ್ನು ಕತ್ತರಿಸಿ, ಹೊಸ ಕನೆಕ್ಟರನ್ನು ಬೆಸೆಯಬೇಕು. ಸಂಧಿಯ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಪಟ್ಟಿಯನ್ನು ಎಳೆದು ಸುತ್ತಬೇಕು. ಕೇಬಲ್ ದೋಣಿಯ ಕೋಣೆಯನ್ನು ಹೊಗುವ ಮುನ್ನ ಒಂದಿಷ್ಟು ಕೆಳಗೆ ಜೋತಾಡುವಂತೆ ಬಿಟ್ಟರೆ, ಮಳೆನೀರು ಅಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ.