ಹಳೆಯ ಟ್ರ್ಯಾಕ್ಟರಿಗೆ ತಕ್ಕ ಕೂಲಂಟ್ ಆರಿಸುವ ಬಗೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವೇ ಇರುವುದಿಲ್ಲ. ಇಂತಹ ದುಡಿಮೆಯ ನಡುವೆ ಹಳೆಯ ಇಂಜಿನ್ ಕಾಯ್ದು ನಿಂತರೆ ಹೇರಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಹೆಡ್ ಗ್ಯಾಸ್ಕೆಟ್ ಸುಟ್ಟರೆ ದುರಸ್ತಿಯ ಖರ್ಚು ಬೇರೆ. "ರೇಡಿಯೇಟರಿಗೆ ಹಸಿರು ಕೂಲಂಟ್ ಹಾಕಬೇಕೋ, ಕೆಂಪು ಹಾಕಬೇಕೋ?" ಎಂದು ರೈತ ಬಾಂಧವರು ಮೇಲಿಂದ ಮೇಲೆ ಕೇಳುತ್ತಾರೆ. ಬಣ್ಣ ನೋಡುವುದಕ್ಕೆ ಮೊದಲು ನಮ್ಮ ನೀರು ಎಂಥದು, ರೇಡಿಯೇಟರ್ ಯಾವ ಲೋಹದ್ದು ಎಂಬ ಎರಡು ಸಂಗತಿಗಳನ್ನು ತಿಳಿಯುವುದು ಅವಶ್ಯ.

ನೀರಿನ ಗುಣ

ಈ ಭಾಗದ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಕಾಯ್ದಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಗೊಳ್ಳುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರು ಇದೇ. ಇಂಜಿನ್ನಿನೊಳಗೆ ಇಂಥ ಪದರು ಕಟ್ಟಿದರೆ ಉಷ್ಣವು ಲೋಹದಿಂದ ನೀರಿಗೆ ಸರಿಯಾಗಿ ಹಾಯುವುದಿಲ್ಲ. ಸವಳು ಭೂಮಿಯ ಬಾವಿ ನೀರಿನಲ್ಲಿ ಕ್ಲೋರೈಡ್ ಲವಣಗಳೂ ಹೆಚ್ಚಿದ್ದು, ಲೋಹವನ್ನು ತಿನ್ನುತ್ತವೆ. ಬೆಳೆಗೆ ಒಗ್ಗದ ನೀರು ಇಂಜಿನ್ನಿಗೂ ಒಗ್ಗದು. ಆದುದರಿಂದ ಕೂಲಂಟಿಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸತಕ್ಕದ್ದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಆಗುತ್ತದೆ. ಬ್ಯಾಟರಿ ಆಸಿಡ್ಡನ್ನು ಮಾತ್ರ ತಪ್ಪಿಯೂ ಸುರಿಯಬಾರದು.

ಕೂಲಂಟಿನ ಕೆಲಸ

ಸಾಮಾನ್ಯ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಹಾಗೂ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಸಮಪಾಲು ನೀರು ಬೆರೆಸಿದ ಕೂಲಂಟ್ ಸುಮಾರು 108 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸುಸ್ಥಿತಿಯಲ್ಲಿರುವ ರೇಡಿಯೇಟರ್ ಮುಚ್ಚಳದ ಒತ್ತಡದಿಂದ ಇದು ಇನ್ನೂ ಮೇಲೇರುತ್ತದೆ. ಹಿಮ ಬೀಳದ ನಮ್ಮ ಸೀಮೆಗೆ ಹೆಪ್ಪುಗಟ್ಟದ ಗುಣ ಮುಖ್ಯವಲ್ಲ. ತುಕ್ಕು ತಡೆಯುವ ಗುಣವೇ ಮುಖ್ಯ. ಆದರೆ ನೀರು ಬೆರೆಸದೆ ಬರೀ ಕೂಲಂಟ್ ತುಂಬುವುದು ತಪ್ಪು. ಉಷ್ಣವನ್ನು ಹೊತ್ತೊಯ್ಯುವುದರಲ್ಲಿ ಗ್ಲೈಕಾಲಿಗಿಂತ ನೀರೇ ಮೇಲು.

ಆರಿಸುವ ಕ್ರಮ

1. ಮೊದಲು ಟ್ರ್ಯಾಕ್ಟರಿನ ಕೈಪಿಡಿಯನ್ನು ನೋಡಿರಿ. ಅಲ್ಲಿ ಹೇಳಿದ ಬಗೆಯೇ ಸರಿಯಾದದ್ದು.

2. ಹಳೆಯ ಟ್ರ್ಯಾಕ್ಟರ್, ಜೀಪು, ಕಾರುಗಳ ರೇಡಿಯೇಟರುಗಳು ಹೆಚ್ಚಾಗಿ ತಾಮ್ರ-ಹಿತ್ತಾಳೆಯವು. ಅವುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಇವಕ್ಕೆ ಸಿಲಿಕೇಟ್ ಮುಂತಾದ ನಿರೋಧಕಗಳುಳ್ಳ ಸಾಂಪ್ರದಾಯಿಕ ಕೂಲಂಟ್ ಒಗ್ಗುತ್ತದೆ. ಅಲ್ಯೂಮಿನಿಯಂ ರೇಡಿಯೇಟರಿನ ಹೊಸ ವಾಹನಗಳಿಗೆಂದು ಬಂದ ಸಾವಯವ ಆಮ್ಲ ಆಧಾರಿತ ಕೂಲಂಟ್ ಹೆಚ್ಚು ಕಾಲ ಬಾಳುವುದಾದರೂ, ಅದರಲ್ಲಿ ಕೆಲವು ಬಗೆಗಳು ಸೀಸದ ಬೆಸುಗೆಯನ್ನು ಚೆನ್ನಾಗಿ ಕಾಯುವುದಿಲ್ಲ.

3. ಲೈನರಿಗೆ ನೇರವಾಗಿ ನೀರು ತಾಗುವ ಡೀಸೆಲ್ ಇಂಜಿನ್ನುಗಳಲ್ಲಿ, ಲೈನರ್ ಅದುರುವುದರಿಂದ ಸಣ್ಣ ಗುಳ್ಳೆಗಳು ಎದ್ದು ಒಡೆದು, ಲೈನರಿನ ಹೊರಮೈಯಲ್ಲಿ ಕುಳಿ ಬೀಳುತ್ತವೆ. ಕ್ಯಾನಿನ ಮೇಲೆ "ಹೆವಿ ಡ್ಯೂಟಿ ಡೀಸೆಲ್" ಎಂದು ಇದೆಯೇ, ಭಾರತೀಯ ಮಾನಕ ಐ.ಎಸ್. 5759ರ ಉಲ್ಲೇಖವಿದೆಯೇ ಎಂದು ಓದಿ ಕೊಳ್ಳಿರಿ.

4. ಬಣ್ಣವನ್ನು ನಂಬಬೇಡಿರಿ. ಅದು ತಯಾರಕರು ಬೆರೆಸಿದ ಬಣ್ಣವಷ್ಟೆ. ಎಲ್ಲರೂ ಒಂದೇ ನಿಯಮ ಪಾಲಿಸುವುದಿಲ್ಲ. ಎರಡು ಬಗೆಯ ಕೂಲಂಟನ್ನು ಬೆರೆಸಿದರೆ ರಕ್ಷಣೆ ಕುಗ್ಗಿ, ಗಸಿ ಕಟ್ಟುವ ಸಂಭವವೂ ಇದೆ.

ತುಂಬುವ ವಿಧಾನ

ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆರೆಯಕೂಡದು; ಒತ್ತಡದಲ್ಲಿರುವ ಬಿಸಿ ನೀರು ಮುಖಕ್ಕೆ ಚಿಮ್ಮುತ್ತದೆ. ಹಳೆಯದನ್ನು ರೇಡಿಯೇಟರ್ ಮತ್ತು ಬ್ಲಾಕ್ ಎರಡರಿಂದಲೂ ಬಸಿದು, ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ನೀರಿನಿಂದ ಜಾಲಿಸಬೇಕು. ಉದಾಹರಣೆಗೆ, ಕೈಪಿಡಿಯಲ್ಲಿ ಒಟ್ಟು ಪ್ರಮಾಣ 10 ಲೀಟರ್ ಎಂದಿದ್ದರೆ ಮೊದಲು 5 ಲೀಟರ್ ಸಾಂದ್ರ ಕೂಲಂಟ್ ಹಾಕಿ, ಅನಂತರ ತುಂಬುವವರೆಗೆ ಡಿಸ್ಟಿಲ್ಡ್ ನೀರು ಹಾಕಿರಿ. ತೊಳೆದ ನೀರು ಒಳಗೆ ಸ್ವಲ್ಪ ಉಳಿದಿರುವುದರಿಂದ ಈ ಕ್ರಮದಲ್ಲಿ ಸಮಪಾಲು ತಪ್ಪುವುದಿಲ್ಲ. ಮೊದಲೇ ನೀರು ಬೆರೆಸಿದ ಕೂಲಂಟಿಗೆ ಮತ್ತೆ ನೀರು ಸೇರಿಸಬಾರದು. ಸಾಂಪ್ರದಾಯಿಕ ಕೂಲಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಕೈಪಿಡಿಯಲ್ಲಿ ಅದಕ್ಕೂ ಮೊದಲು ಹೇಳಿದ್ದರೆ ಹಾಗೆ, ಬದಲಾಯಿಸಬೇಕು.

ಇಂಜಿನ್ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತೊಗೆಯುವ ರೂಢಿ ಒಳ್ಳೆಯದಲ್ಲ. ಇಂಜಿನ್ ತಕ್ಕಷ್ಟು ಬಿಸಿಯಾಗದೆ ಡೀಸೆಲ್ ವ್ಯರ್ಥವಾಗಿ, ಲೈನರ್ ಬೇಗ ಸವೆಯುತ್ತದೆ.

ಎಚ್ಚರಿಕೆ

ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಬಸಿದ ಕೂಲಂಟನ್ನು ಬುಟ್ಟಿಯಲ್ಲಿ ತೆರೆದಿಟ್ಟರೆ ಮನೆಯ ಮುಧೋಳ ನಾಯಿಯೋ ಕರುವೋ ಕುಡಿದೀತು. ಮಕ್ಕಳೂ ಶರಬತ್ತೆಂದು ಬಾಯಿಗಿಟ್ಟಾರು. ಇದು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯುತ್ತದೆ. ಲಕ್ಷಣ ಕಾಣುವವರೆಗೆ ಕಾಯದೆ, ಮಕ್ಕಳನ್ನು ಆಸ್ಪತ್ರೆಗೂ ಜಾನುವಾರುಗಳನ್ನು ಪಶುವೈದ್ಯರಲ್ಲಿಗೂ ಕೂಡಲೇ ಒಯ್ಯಬೇಕು. ಹಳೆಯ ಕೂಲಂಟನ್ನು ಕಾಲುವೆಗೆ ಚೆಲ್ಲದೆ, ಹೆಸರು ಬರೆದ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿ ಗ್ಯಾರೇಜಿಗೆ ಒಪ್ಪಿಸಿರಿ. ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿರಿ.

ಕಾರ್ಖಾನೆಯ ಕಬ್ಬು ಕಡಿಯುವ ಸರದಿ ಬರುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು ಈ ಕೆಲಸ ಮುಗಿಸಿದರೆ, ತುಂಬಿದ ಟ್ರೇಲರಿನೊಡನೆ ದಾರಿಯಲ್ಲಿ ನಿಂತು ಇಂಜಿನ್ ಆರುವುದನ್ನು ಕಾಯುವ ಪ್ರಸಂಗ ತಪ್ಪುತ್ತದೆ.